ಬಚ್ಚಲ ಕೊಳವೆಯ ಗೂಡು

ಕ್ಯಾತನಹಳ್ಳಿ ದಾಟಿ ನಾಲೆ ಏರಿಯ ಮೇಲೆ ಸ್ವಲ್ಪ ದೂರ ಹೋದರೆ ಎಡಕ್ಕೆ ಮುದ್ದಯ್ಯನವರ ಆಲೆಮನೆ ಸಿಗುತ್ತದೆ. ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಕಬ್ಬಿನ ಸಿಪ್ಪೆಯೆಲ್ಲ ನೆನೆದು ಒಲೆಗೆ ಬಾರದಂತಾಗಿ ಆ ದಿನದ ಕೆಲಸ ಎರಡು ಕೊಪ್ಪರಿಗೆಗೇ ನಿಂತಿತ್ತು. ಅಚ್ಚುಗಳಲ್ಲಿ ಬೆಲ್ಲ ಆರುತ್ತಿತ್ತು. ಒಲೆಯ ಬಾಯಲ್ಲಿ ಇನ್ನೂ ಕೆಂಡವಿದ್ದುದರಿಂದ ನಾವು ಮೂವರು ಅದರ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತೆವು.

ನಾನು ನಾಗಮಂಗಲದ ಕಡೆಯಿಂದ ಬಂದದ್ದು ಮುದ್ದಯ್ಯನವರ ತೋಟದಲ್ಲಿದ್ದ ಕ್ಯಾರವಾನ್ ಒಯ್ಯಲು. ಹಳೆಯ ಬಸ್ಸಿನ ಮೈಗೆ ಅಡುಗೆ ಕಟ್ಟೆ, ಮಂಚ, ಬಚ್ಚಲು ಎಲ್ಲ ಕೂಡಿಸಿ, ಚಕ್ರ ಕಳಚಿ, ನಾಲ್ಕು ಸಿಮೆಂಟ್ ದಿಮ್ಮಿಗಳ ಮೇಲೆ ಕೂರಿಸಿದ ಮನೆ ಅದು. ಕುಂತಿಬೆಟ್ಟ, ಕನ್ನಂಬಾಡಿ ನೋಡಲು ಬಂದವರಿಗೆ ರಜೆಯ ದಿನಗಳಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಅದನ್ನು ನಮ್ಮ ಕೆರೆಯ ಹಿಂದಿನ ದಿಬ್ಬದ ಮೇಲಿಟ್ಟು ನಾವೂ ಹಾಗೆಯೇ ನಡೆಸುವುದೆಂದು ನಾನೂ ನನ್ನ ಹೆಂಡತಿ ಮೇಘನಳೂ ತೀರ್ಮಾನಿಸಿದ್ದೆವು. ನಡೆಸುವವಳು ಅವಳೇ. ಆ ದಿನ ಅವಳೂ ಬರಬೇಕಿತ್ತು. ಬೆಳಿಗ್ಗೆ ಎದ್ದಾಗಿನಿಂದ ವಾಂತಿ. ಎರಡು ತಿಂಗಳಾಗಿತ್ತು. ಮೂರು ತುಂಬುವವರೆಗೆ ಯಾರಿಗೂ ಬಾಯಿ ಬಿಡಬಾರದೆಂದು ಅವಳ ಹಟ, ನಾನೂ ಬಿಟ್ಟಿರಲಿಲ್ಲ. ಬಚ್ಚಲಿಗೆಂದು ಅವಳೇ ಆರಿಸಿದ ಹೊಸ ಗ್ಯಾಸ್ ಗೀಸರ್ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿತ್ತು.

ಕ್ಯಾರವಾನ್ ಎತ್ತಲು ಶ್ರೀರಂಗಪಟ್ಟಣದಿಂದ ಕ್ರೇನ್ ಲಾರಿ ತಂದಿದ್ದವನು ನಯಾಜ್. ಆ ಬಸ್ಸಿನ ಮೈಯನ್ನು ಮನೆ ಮಾಡಿಕೊಟ್ಟವನೂ ಅವನೇ ಎಂದು ಬಂದ ಮೇಲೆ ತಿಳಿಯಿತು. ತೋಟದ ಬಾಯಲ್ಲೇ ಲಾರಿಯ ಹಿಂದಿನ ಗಾಲಿ ಹೂತುಕೊಂಡಿತ್ತು.

"ಲಾರೀನೇ ಮನೆ ಮಾಡ್ಬುಡ್ಲಾ ನಯಾಜು," ಎಂದ ಕೊಪ್ಪರಿಗೆ ತೊಳೆಯುತ್ತಿದ್ದ ಆಲೆಮನೆಯ ಆಳು ದ್ಯಾವಯ್ಯ. "ನಾಕು ದಿಮ್ಮಿ ಕೊಟ್ರೆ ಆಯ್ತು, ಅದೂ ಎಲ್ಗೂ ಓಗಕ್ಕಿಲ್ಲ."

"ನಿನ್ನನ್ನ ಅದರೊಳಗೆ ಕಾವಲು ಇಡ್ತೀನಿ ಚಾಚಾ, ಮಲಗ್ತೀಯಾ?" ಎಂದ ನಯಾಜ್.

ದ್ಯಾವಯ್ಯ ನಗು ನಿಲ್ಲಿಸಿ ಮತ್ತೆ ಕೊಪ್ಪರಿಗೆ ಉಜ್ಜತೊಡಗಿದ. ಯಾಕೆಂದು ನನಗೆ ಅರ್ಥವಾಗಲಿಲ್ಲ. ಸುಮ್ಮನೆ ಮಾತಿಗೆಂದು, ಇಷ್ಟು ಚೆನ್ನಾಗಿರುವ ಗಾಡಿಯನ್ನು ಯಾಕೆ ಮಾರುತ್ತಿದ್ದೀರಿ ಎಂದು ಮುದ್ದಯ್ಯನವರನ್ನು ಕೇಳಿದೆ. ಎಪ್ಪತ್ತೈದು ದಾಟಿದ ಮುದುಕ. ಮೊದಲು ನಾಲೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದವರು. ಮಾತಿಗೂ ತೂಬಿನ ಹಾಗೆ ಒಂದು ಹದವಿತ್ತು. ಕೆಂಡವನ್ನು ಕೋಲಿನಿಂದ ಸರಿಮಾಡಿ, ಕಂಬಳಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡು ಶುರುಮಾಡಿದರು.

"ಕಬ್ಬಿಗೆ ಜಾಗ ಬೇಕು ಅಂತ ನನ್ ಮಗ ಚೈತನ್ಯ ಏಳಿರ್ಬೇಕು ನಿಮ್ಗೆ. ಆ ಮೂರು ತೆಂಗಿನ ಮರದ ನೆಳ್ಳಲ್ಲಿ ಯಾವ ಕಬ್ಬು ಬೆಳ್ದಾತು, ಏಳಿ? ಅದಲ್ಲ ರವೀಂದ್ರಪ್ಪ… ನೀವು ತಗಂಡೋಗಿ ಬೇರೆ ಜನಾನ ಅದ್ರೊಳೀಕೆ ಮನಗಿಸೋರು. ಏಳ್ದೆ ಕಳ್ಸುದ್ರೆ ನಂಗೆ ಅನ್ನ ಇಳಿಯಕ್ಕಿಲ್ಲ. ಕೇಳ್ಕಳಿ. ಆಮ್ಯಾಲೆ ತಗಂಡೋಗಾದು ಬುಡಾದು ನಿಮ್ಮಿಷ್ಟ.

"ನನ್ ತಂಗಿ ಒಬ್ಳಿದ್ಲು, ಮಂಗಳಮ್ಮ ಅಂತ. ಗಂಡ ತೀರ್ಕಂಡ್ಮ್ಯಾಲೆ ನಮ್ಮನೇಲೇ ಇದ್ಲು. ಒಬ್ಳೇ ಮಗ್ಳು ಶ್ವೇತ, ಅದ್ನ ಒಸೊಳ್ಲಿಗೆ ಕೊಟ್ಟಿದ್ದು… ಅದೇ ಹೊಸಹೊಳಲು, ಪೇಟೆ ಪಕ್ಕ. ನನ್ ಮಗ ಈ ಗಾಡಿ ತಂದು ನಿಲ್ಸುದ್ ದಿನ ಮೊದ್ಲು ನಕ್ಕೋಳು ಮಂಗಳಾನೇ. 'ಓಡ್ದೆ ಇರೋ ಬಸ್ಸಿಗೆ ಯಾರ್ಲಾ ಅತ್ತಾರು, ಕಂಡಕ್ಟ್ರು ನಾನಾ?' ಅಂದ್ಲು. ಆರು ತಿಂಗ್ಳಾಗಾದ್ರೊಳ್ಗೆ ಕಂಡಕ್ಟ್ರು ಡ್ರೈವ್ರು ಎಲ್ಲಾ ಅವ್ಳೇ ಆಗ್ಬುಟ್ಲು. ಜನ ಬರೋ ದಿನ ಬೆಳಿಗ್ಗೆ ಅದ್ನ ಅಣಿ ಮಾಡೋಳು ನೋಡಿ… ಈ ನಯಾಜು ಏಳ್ಕೊಟ್ಟಿದ್ದು ಒಂದ್ಸಲ. ಅವ್ಳು ಒಂದ್ ಅಕ್ಷರ ಮರೀಲಿಲ್ಲ, ಓದಾಕ್ ಬರ್ದೋಳು."

"ಕಾಗದದ ಮೇಲೆ ಬರೆದು ಅಂಟಿಸಿದ್ದೆ," ಎಂದ ನಯಾಜ್. "ಅಕ್ಕ ಅದನ್ನ ಕಿತ್ತು ಒಲೆಗೆ ಹಾಕಿದ್ರು. 'ನನ್ ತಲೇಲಿ ಅದೆ ಓಗು' ಅಂತ."

"ಊಂ… ತಲೇಲೇ ಇತ್ತು. ಮೊದ್ಲು ಮರ ಅತ್ಸಿ, ಗಾಡಿ ಮ್ಯಾಲೆ ಬಾಗಿರೋ ಗೊನೇಲಿ ಒಣಗಿದ್ ಕಾಯಿ, ಮಟ್ಟೆ ಎಲ್ಲಾ ಕೆಡವ್ಸೋಳು, ಬಂದೋರ ತಲೆ ಮ್ಯಾಲೆ ಬೀಳ್ಬಾರ್ದಲ್ಲ. ಆಮ್ಯಾಲೆ ದಿಮ್ಮಿ ಏನಾರ ಇಳಿದದಾ ಅಂತ ಒಂದು ಲೋಟದಲ್ಲಿ ನೀರು ತುಂಬಿ ಒಳಗ್ಡೆ ನೆಲದ್ ಮ್ಯಾಲಿಟ್ಟು ನೋಡೋಳು. ಸಿಲಿಂಡ್ರು ಆಚೀಕೆ ಜಾಲ್ರಿ ಗೂಡ್ನಲ್ಲಿ. ಅದ್ರ ಪೈಪಿಗೆ ಸೋಪಿನ್ ನೊರೆ ಬಳ್ದು, ಗುಳ್ಳೆ ಏಳ್ತದಾ ಅಂತ ಕಣ್ಣಿಟ್ಕಂಡು ಕುಂತಿರೋಳು. ಕೊನೆಗೆ ಬಚ್ಚಲು. ಅಲ್ಲಿ ಗ್ಯಾಸ್ ಗೀಸರ್ ಇತ್ತು. ಅದ್ರ ಒಗೆ ಓಗಾಕೆ ನಯಾಜು ಗೋಡೇಲಿ ಒಂದು ಕಬ್ಬಿಣದ್ ಕೊಳವೆ ಇಟ್ಟಿದ್ದ, ಮುಷ್ಟಿ ಗಾತ್ರದ್ದು. ಗೀಸರ್ ಅತ್ಸಿ, ಕೊಳವೆ ಒಳಬಾಯಿಗೆ ಒಂದು ಊದಿನಕಡ್ಡಿ ಇಡಿಯೋಳು. ಒಗೆ ಸರ್ರನೆ ಕೊಳವೇಗೆ ಓದ್ರೆ ಸರಿ. ತಿರುಗಿ ಮುಕಕ್ಕೆ ಬಂದ್ರೆ ಆ ಬಚ್ಚಲಿಗೆ ಯಾರನ್ನೂ ಬುಡಂಗಿಲ್ಲ. ಅಷ್ಟೆಯ. ನೋಡಿದ್ ಜನ ಪೂಜೆ ಮಾಡ್ತಾವ್ಳೆ ಅನ್ಕಳೋರು. ಪೂಜೇನೇ ಅನ್ನಿ.

"ಇಂಗೇ ಎಲ್ಡು ವರ್ಸ ನಡೀತು. ಆಮ್ಯಾಲೆ ಒಂದಿನ… ಕುಂಬಾರನ ಉಳ ನೋಡಿದ್ದೀರಲ್ಲ ನೀವು? ಕಪ್ಗೆ, ಸಣ್ ಸೊಂಟದ್ದು, ನಾಲೆ ಅಂಚಿಂದ ಅಸಿ ಮಣ್ಣು ಕಚ್ಕಬಂದು ಗೋಡೆ ಸಂದೀಲಿ ಗೂಡು ಮೆತ್ತದಲ್ಲ, ಗುಂಯ್ಯ್ ಅಂತ ಆಡ್ಕಂಡು… ಅದು. ಅದು ಮನೇಲಿ ಗೂಡು ಕಟ್ಟುದ್ರೆ ಎಂಗುಸ್ರು ಏನಂತಾರೆ?"

ಏನನ್ನುತ್ತಾರೆಂದು ನನಗೆ ಗೊತ್ತಿತ್ತು. ನಮ್ಮ ಕಡೆಯೂ ಹಾಗೆಯೇ ಹೇಳುತ್ತಾರೆ.

"ಮನೇಲಿ ಯಾರೋ ಬಸ್ರಿ ಆಯ್ತಾರೆ ಅಂತ. ಕೂಸು ಉಟ್ಟೋಗಂಟ ಆ ಗೂಡು ಒಡೀಬಾರ್ದು ಅಂತ. ನಮ್ಮವ್ವ ಅಂಗೇ ಅನ್ನೋಳು, ಅವ್ಳವ್ವನೂ ಅನ್ನೋಳು. ಪೊರಕೆ ಇಡ್ಕಂಡೋರು ಆ ಜಾಗ ಬುಟ್ಟು ಗುಡಿಸ್ತಾರೆ. ನಂಬ್ತೀನೋ ಇಲ್ವೋ ಅನ್ನಾದು ಬ್ಯಾರೆ ಮಾತು… ಒಡೆಯಾಕೆ ಕೈ ಬತ್ತದಾ? ಅದ್ರಲ್ಲೂ ಶ್ವೇತಂಗೆ ಮದ್ವೆ ಆಗಿ ಒಂಬತ್ತು ವರ್ಸ, ಒಂದೂ ನಿಂತಿರ್ಲಿಲ್ಲ. ಮಂಗಳ ಒಂದಿನ ಊದಿನಕಡ್ಡಿ ಇಡುದ್ರೆ ಒಗೆ ಮುಕಕ್ಕೆ ಬಂತು. ಎದ್ದು ನೋಡುದ್ಲು. ಕೊಳವೆ ತುಂಬಾ ಗೂಡು. ಅದೇ ವಾರ ಒಸೊಳ್ಲಿಂದ ಫೋನ್ ಬಂತು, ಶ್ವೇತಂಗೆ ನಿಂತದೆ ಅಂತ. ನೀವಾಗಿದ್ರೆ ಏನ್ ಮಾಡ್ತಿದ್ರಿ?

"ಅವ್ಳೇನೂ ದಡ್ಡಿ ಅಲ್ಲ. ಗೂಡು ಮುಟ್ಲಿಲ್ಲ, ಆದ್ರೆ ಗೀಸರ್ ಅತ್ತದಂಗೆ ಮಾಡುದ್ಲು. ಅದ್ರಲ್ಲಿ ಕಿಡಿ ಬರಾಕೆ ಎಲ್ಡು ಶೆಲ್ಲು ಇರ್ತವಲ್ಲ, ಟಾರ್ಚಿಂದರಂತವು, ಅವನ್ನ ತಗುದು ಬಟ್ಟೇಲಿ ಸುತ್ತಿ ಅಕ್ಕಿ ಡಬ್ಬದೊಳೀಕೆ ಆಕ್ಬುಟ್ಲು. ಬಂದೋರ್ಗೆಲ್ಲಾ 'ಮಿಸನ್ನು ಕೆಟ್ಟದೆ ಕಣ್ರಪ್ಪ' ಅಂತೇಳಿ, ಅಂಡೇಲಿ ನೀರು ಕಾಯ್ಸಿ, ಬಕೀಟಲ್ಲಿ ಒತ್ಕಬಂದು ಮೆಟ್ಲ ಮ್ಯಾಲೆ ಇಡೋಳು. ಅರವತ್ತೆಲ್ಡು ವರ್ಸದೋಳು. ದಿನಾ ಆರು ಬಕೀಟು, ಎಂಟು ಬಕೀಟು. ಯಾಕಮ್ಮಾ ನಯಾಜುನ್ ಕರ್ಸಿ ರಿಪೇರಿ ಮಾಡ್ಸಾದಲ್ವ ಅಂದ್ರೆ, 'ಆರ್ ತಿಂಗ್ಳು ತಡ್ಕೊ ಅಣ್ಣ' ಅನ್ನೋಳು. ಯಾಕೆ ಅಂತ ಏಳ್ಲಿಲ್ಲ. ಏಳುದ್ರೆ ನಾವು ಗಂಡುಸ್ರು ನಗ್ತೀವಿ, ಇಲ್ಲಾ ಒಡೀತೀವಿ ಅಂತ ಅವ್ಳ ಭಯ. ಒಂದ್ ಮಾತು ಏಳಿದ್ರೆ… ಊಂ, ಬುಡಿ."

ಹೊರಗೆ ಮಳೆ ಜೋರಾಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳದಂತಾಗಿ ಮುದ್ದಯ್ಯ ನಮ್ಮ ಹತ್ತಿರಕ್ಕೆ ಸರಿದು ಕುಳಿತರು. ದ್ಯಾವಯ್ಯ ಒದ್ದೆ ಕೈ ಒರೆಸಿಕೊಂಡು ಬಂದು ನಯಾಜನ ಪಕ್ಕ ಕುಳಿತ. ಅವನು ಈ ಕತೆಯನ್ನು ಎಷ್ಟು ಸಲ ಕೇಳಿದ್ದನೋ. ಆದರೂ ಬಂದು ಕುಳಿತ.

"ಇಂತದೇ ಮಳೆ ಅವತ್ತೂವೆ. ಇದು ನಡ್ದು ನಾಕು ವರ್ಸ. ಶ್ವೇತಂಗೆ ನಾಕನೇ ತಿಂಗ್ಳು. ಪೇಟೆ ಆಸ್ಪತ್ರೇಲಿ ಸ್ಕ್ಯಾನಿಂಗ್ ಮಾಡ್ಸಿ, ಅಂಗೇ ಎಂಟ್ ದಿನ ಇಲ್ಲಿ ಇರ್ಲಿ ಅಂತ ಕರ್ಕಬರಾಕೆ ಮಂಗಳ ಓದ್ಲು. ಮಾರ್ನೇ ದಿನಕ್ಕೆ ಜನ ಬರೋರಿದ್ರು. ಅವ್ಳಿಲ್ವಲ್ಲ, ನಾನೇ ಅಣಿ ಮಾಡ್ತೀನಿ ಅಂತ ಓದೆ. ಕಾಯಿ ಕೆಡವ್ಸುದೆ. ಸೋಪು ಬಳ್ದೆ. ಎಲ್ಲಾ ಅವ್ಳಂಗೇ. ದಿಮ್ಮಿ ಒಂದು ಒಂದೀಟು ಇಳ್ದಿತ್ತು, ನೀರು ಒಂದ್ಕಡೆ ವಾಲ್ತು, ಮಳೆ ನಿಂತ್ಮ್ಯಾಲೆ ನೋಡವ ಅಂದ್ಕಂಡೆ. ಬಚ್ಚಲಿಗೆ ಓಗಿ ಗೀಸರ್ ತಿರುಗ್ಸುದೆ, ಟಿಕ್ ಟಿಕ್ ಅನ್ಲೇ ಇಲ್ಲ. ಬಿಚ್ಚಿ ನೋಡುದ್ರೆ ಶೆಲ್ಲೇ ಇಲ್ಲ! ನಂಗೆ ನಗು ಬಂತು. ಇಷ್ಟಕ್ಕೆ ಆ ಮುದ್ಕಿ ಮೂರ್ ತಿಂಗ್ಳಿಂದ ನೀರು ಒರ್ತಾವ್ಳಲ್ಲ ಅಂತ. ನನ್ ಟಾರ್ಚಿಂದು ಎಲ್ಡು ಶೆಲ್ಲು ತಗುದು ಆಕ್ದೆ. ಬಗ್ ಅಂತ ಅತ್ಕತು. ಬಿಸ್ನೀರು ಬಂತು. ಊದಿನಕಡ್ಡೀನೂ ಇಟ್ಟೆ ರವೀಂದ್ರಪ್ಪ… ಇಡ್ಲಿಲ್ಲ ಅನ್ಬೇಡಿ. ಒಗೆ ನನ್ ಮುಕಕ್ಕೆ ಬಂತು. ಮಳೆ ಗಾಳಿ ಆಚಿಂದ ಒಡೀತಾ ಅದೆ, ಅದ್ಕೇ ಇಂಗೆ ಅಂದ್ಕಂಡೆ. ನಾಲೆ ಮ್ಯಾಲೆ ಮೂವತ್ತು ವರ್ಸ ಗಾಳಿ ನೋಡಿದ್ನಲ್ಲ, ನಂಗೆ ಗೊತ್ತಿಲ್ವ ಗಾಳಿ!

"ಸಂಜೆ ಐದ್ರಾಗೆ ತಾಯಿ ಮಗ್ಳು ಬಸ್ ಇಳ್ದು ನೆನ್ಕಂಡು ಬಂದ್ರು. ಅಂಡೆ ಒಲೆ ಸೌದೆ ಎಲ್ಲಾ ತೊಪ್ಪೆ. ಮಂಗಳ ಅಂಗೇ ಕೊಟ್ಗೆಗೆ ಓದ್ಲು, ಕರ ಕಟ್ಟಾಕೆ. ನಾನು ಶ್ವೇತಂಗೆ ಅಂದೆ, 'ನಡುಗ್ತಾ ಇದ್ದೀಯಲ್ಲವ್ವ, ಗಾಡಿ ಬಚ್ಚಲಲ್ಲಿ ಬಿಸ್ನೀರು ಬತ್ತದೆ, ಓಗಿ ಉಯ್ಕೊ.' ಅದು ಓಯ್ತು. ನಾನೇ ಟವಲ್ಲು ಕೊಟ್ಟೆ.

"ಕಾಲು ಗಂಟೆ ಆಗಿರ್ಬೇಕು, ಜಾಸ್ತಿ ಆಗಿರ್ಬೇಕು. ಮಂಗಳ ಬಂದ್ಲು. 'ಶ್ವೇತ ಎಲ್ಲಣ್ಣ?' ಅಂದ್ಲು. ಗಾಡೀಲಿ ನೀರುಯ್ಕತಾವ್ಳೆ, ನಿನ್ ಮಿಸನ್ನು ರಿಪೇರಿ ಮಾಡಿವ್ನಿ ನೋಡು, ಶೆಲ್ಲೇ ಆಕಿಲ್ಲ ನೀನು ಅಂತ ನಕ್ಕೆ. ಅವ್ಳ ಮುಕ… ಆ ಮುಕ ನಂಗೆ ಇವತ್ಗೂ ಕಾಣ್ತದೆ. ಮೂಲೇಲಿದ್ದ ಆರೆ ಎತ್ಕಂಡು ಓಡುದ್ಲು. ನಾನು ಚೈತನ್ಯ ಇಂದೆ ಓದ್ವಿ. ನಾವು ಓಗಾದ್ರೊಳ್ಗೆ ಚಿಲ್ಕ ಮೀಟಾಕಿದ್ಲು. ಶ್ವೇತ ನೆಲದ್ ಮ್ಯಾಲೆ ಬಿದ್ದಿತ್ತು, ಮ್ಯಾಲೆ ನೀರು ಉಯ್ತಾನೇ ಇತ್ತು. ಮೂವರೂ ಸೇರಿ ಎಳ್ಕಂಡು ಆಚೀಕೆ ತಂದು, ಸೀರೆ ಸುತ್ತಿ, ನಾನು ಎತ್ಕಂಡೆ, ಚೈತನ್ಯ ಕಾರು ತಗುದ, ಪಾಂಡುಪುರ ಆಸ್ಪತ್ರೆಗೆ ಓಡುದ್ವಿ. ಮಂಗಳ ಇಂದ್ಗಡೆ ಬತ್ತಾವ್ಳೆ ಅಂದ್ಕಂಡೆ. ಬಾಗ್ಲು ಆಕುದ್ ಸದ್ದು ಕೇಳ್ತು, ಅತ್ಕಂಡ್ಲು ಅಂದ್ಕಂಡೆ. ತಿರುಗಿ ನೋಡ್ಲಿಲ್ಲ.

"ಆ ಸದ್ದು ಕಾರಿಂದಲ್ಲ."

ನಯಾಜ್ ಕೆಂಡದತ್ತ ನೋಡುತ್ತಲೇ ಹೇಳಿದ. "ದಿಮ್ಮಿ ಇಳಿದಿತ್ತಲ್ಲ ಸಾರ್. ಗಾಡಿ ವಾಲಿದ್ರೆ ಬಚ್ಚಲ ಬಾಗಿಲು ತಾನಾಗೇ ಬಂದು ಮುಚ್ಕೊಳ್ಳುತ್ತೆ. ಅಕ್ಕ ಗೀಸರ್ ಆರಿಸೋಕೆ ಅಂತ ವಾಪಸ್ ಒಳಗೆ ಹೋಗಿದ್ದಾರೆ."

"ಅಂಗಂತ ಇವ್ನು ಏಳ್ತಾನೆ. ಇರ್ಬೌದು. ನಾವು ಬಂದು ನೋಡಾ ಒತ್ಗೆ ಎಲ್ಡು ಗಂಟೆ ಆಗಿತ್ತು. ಗೀಸರ್ ಇನ್ನೂ ಉರೀತಾನೇ ಇತ್ತು. ಅವ್ಳು ಗೋಡೆಗೆ ಒರಗಿ ಕುಂತಿದ್ಲು. ಒಂದ್ ಕೈ ಮ್ಯಾಲೆ ಎತ್ತಿ ಕೊಳವೆ ಬಾಯೊಳೀಕೆ ಆಕಿದ್ಲು, ಬೆರಳು ಒಳ್ಗೇ ಇತ್ತು. ಉಗುರೊಳ್ಗೆ ಮಣ್ಣು. ಗೂಡು ಅರ್ಧ ಕಿತ್ತಿತ್ತು. ಅಲ್ಲ… ಕಿತ್ತಿತ್ತು ಅಂತ ಅವತ್ತು ಅಂದ್ಕಂಡ್ವಿ. ಕಿತ್ತೋಗಿದ್ ಗೂಡ್ನ ತಿರುಗಿ ಮೆತ್ತಾಕೆ ಓಗಿದ್ಲಾ ಅನ್ನಾದು ಯಾರ್ಗೆ ಗೊತ್ತು? ಮಗ್ಳನ್ನ ಆಚೀಕೆ ಕಳಿಸ್ಬುಟ್ಟಿದ್ಲು. ಒಳ್ಗೆ ಉಳ್ಕಂಡಿದ್ದು ಅದೊಂದೇ.

"ಶ್ವೇತ ಉಳೀತು. ಕೂಸು ಉಳೀಲಿಲ್ಲ. ಅನ್ನೊಂದ್ನೇ ದಿನ ಓಯ್ತು. ಆ ವಿಷದ್ ಗಾಳಿ ತಾಯಿಗಿಂತ ಮೊದ್ಲು ಕೂಸಿಗೆ ತಾಕ್ತದೆ ಅಂತ ಡಾಕ್ಟ್ರು ಅಂದ್ರು. ಅದೇ ಇರ್ಬೇಕು. ಆದ್ರೆ ಅನ್ನೊಂದ್ನೇ ದಿನ ಬೆಳಿಗ್ಗೆ ನಯಾಜು ಬಂದು ಗೀಸರ್ ಕಿತ್ತಾಕಿ, ಉಳಿದಿದ್ ಗೂಡ್ನ ಉಳೀಲಿ ಒಡ್ದು ಕೊಳವೆ ತೊಳ್ದಿದ್ದ. ಇವ್ನು ಮಾಡಿದ್ದೇ ಸರಿ. ನಾನು ತಪ್ಪು ಅನ್ನಕ್ಕಿಲ್ಲ. ಆದ್ರೂ… ಕೂಸು ಓಗಿದ್ದು ಶ್ವೇತಂಗೆ ಗೊತ್ತು, ನಂಗೆ ಗೊತ್ತು. ಮಂಗಳ ಅದ್ಕಿಂತ ಮೊದ್ಲೇ ಓದೋಳು. ಅವ್ಳಿಗೆ ಯಾರೇಳಿದ್ರು? ಯಾರೇಳ್ಬೇಕಿತ್ತು?"

ಮುದ್ದಯ್ಯನವರ ದನಿಯಲ್ಲಿ ಅಳುವಿರಲಿಲ್ಲ. ಯಾವ ದಿನ ಯಾವ ತೂಬಿಗೆ ಎಷ್ಟು ನೀರು ಬಿಟ್ಟೆ ಎಂದು ಹೇಳುವವರ ಹಾಗೆ ಹೇಳುತ್ತಿದ್ದರು.

"ಆರು ತಿಂಗ್ಳು ಬೀಗ ಆಕಿದ್ವಿ. ಆಮ್ಯಾಲೆ ಚೈತನ್ಯ ತಿರುಗಿ ಶುರು ಮಾಡ್ದ. ಗೀಸರ್ ಇಲ್ಲ, ಕೊಳವೆ ಮಾತ್ರ ಗಾಳಿಗೆ ಅಂತ ಬುಟ್ಟು, ಉಳ ಓಗ್ದಂಗೆ ಆಚೆ ಬಾಯಿಗೂ ಒಳಬಾಯಿಗೂ ಸಣ್ ಜಾಲ್ರಿ ಬಿಗ್ದಿದ್ದ ನಯಾಜು. ಮೊದ್ಲು ಬಂದೋರು ಗಂಡ ಎಂಡ್ತಿ, ಆಯಮ್ಮಂಗೆ ಐದು ತಿಂಗ್ಳು. ಬೆಳಿಗ್ಗೆ ಕಾಫಿ ಕೊಡಾಕೆ ಓದ್ರೆ ತಲೆ ಒರೆಸ್ಕತಾ ಕುಂತವ್ರೆ. 'ಅಜ್ಜಿ ಅಷ್ಟೊತ್ಗೇ ಬಿಸಿನೀರು ತಂದಿಟ್ಟಿದ್ರು, ಥ್ಯಾಂಕ್ಸ್ ಹೇಳಿ' ಅಂದ್ರು. ಯಾವ ಅಜ್ಜಿ? ನಮ್ಮನೇಲಿ ಆವತ್ತು ಅಂಡೆಗೆ ಬೆಂಕೀನೇ ಆಕಿರ್ಲಿಲ್ಲ. ಅವ್ರು ಓದ್ಮ್ಯಾಲೆ ಬಚ್ಚಲು ನೋಡುದ್ರೆ ಕೊಳವೆ ತುಂಬಾ ಗೂಡು. ಎಲ್ಡು ಕಡೆ ಜಾಲ್ರೀನೂ ಬಿಗ್ದಂಗೇ ಅದೆ. ಇವ್ನೇ ಬಿಚ್ಚಿ ನೋಡುದ. ಏಳ್ಲಾ ನೀನೇ."

ನಯಾಜ್ ತನ್ನ ಹೆಬ್ಬೆರಳನ್ನು ಎತ್ತಿ ಹಿಡಿದ. "ಮಣ್ಣಿನ ಮೇಲೆ ಇದರ ಗುರುತಿತ್ತು ಸಾರ್. ಗೆರೆ ಸಮೇತ. ಹುಳಕ್ಕೆ ಹೆಬ್ಬೆಟ್ಟು ಇರಲ್ಲ."

"ಆಮ್ಯಾಲೆ ಮೇಷ್ಟ್ರುಗಳ ಗುಂಪು ಬಂತು, ಏನೂ ಇಲ್ಲ. ಮುದ್ಕ ಮುದ್ಕಿ ಬಂದ್ರು, ಏನೂ ಇಲ್ಲ. ಹುಡುಗ್ರು ಬಂದು ಕುಣುದ್ರು, ಏನೂ ಇಲ್ಲ. ಇನ್ನೊಂದ್ಸಲ ಹೊಸ ಜೋಡಿ, ಮದ್ವೆ ಆಗಿ ಎಲ್ಡು ತಿಂಗ್ಳಂತೆ… ಅವ್ರು ಬರಾ ದಿನ ಬೆಳಿಗ್ಗೇನೇ ಗೂಡು ಇತ್ತು, ಅವ್ರು ಇನ್ನೂ ಮೈಸೂರು ಬುಟ್ಟಿರ್ಲಿಲ್ಲ. ಬಿಸ್ನೀರೂ ಬಂತಂತೆ. ಇಪ್ಪತ್ ದಿನ ಬುಟ್ಟು ಆ ಹುಡುಗ ಫೋನ್ ಮಾಡ್ದ, ತಂದೆ ಆಯ್ತಿವ್ನಿ ಅಂತ. ಆ ಹುಡುಗೀಗೇ ಅವತ್ತು ಗೊತ್ತಿರ್ಲಿಲ್ಲ ನೋಡಿ. ಮಂಗಳಂಗೆ ಗೊತ್ತಿತ್ತು! ಅವ್ಳು ಯಾರ್ಗೂ ತೊಂದ್ರೆ ಕೊಟ್ಟೋಳಲ್ಲ. ಕಾಯ್ತಾಳೆ, ಅಷ್ಟೆ. ಆದ್ರೆ ಕೊಳವೆ ಮುಚ್ತಾಳೆ… ಅದ್ನ ಬುಡಕ್ಕಿಲ್ಲ. ಎಷ್ಟ್ ಸಲ ತಗುದ್ರೂ, ಯಾವ್ ಜಾಲ್ರಿ ಬಿಗುದ್ರೂ."

ಮಳೆ ಹನಿಯಾಗಿತ್ತು. ದ್ಯಾವಯ್ಯ ಎದ್ದು ಒಂದಚ್ಚು ಬೆಲ್ಲ ಒಡೆದು ತಂದು ನಮ್ಮ ಕೈಗಳಿಗೆ ಇಟ್ಟ. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ರಟ್ಟಿನ ಪೆಟ್ಟಿಗೆ ಇರುವುದು ನೆನಪಾಗುತ್ತಿತ್ತು. ಆ ಕತೆಯನ್ನು ನಂಬಿದೆನೆಂದಲ್ಲ; ಒಂದು ದಿಮ್ಮಿ, ಒಂದು ಗೂಡು, ಎರಡು ಶೆಲ್, ಇಷ್ಟರಲ್ಲಿ ಎಲ್ಲವನ್ನೂ ವಿವರಿಸಬಹುದು. ಹೆಬ್ಬೆಟ್ಟಿನ ಗುರುತನ್ನು ನಯಾಜ್ ಕಂಡದ್ದು, ನಾನಲ್ಲ. ಆದರೂ ಕೇಳಿದೆ, ಕೊನೆಯ ಸಲ ಆ ಗೂಡು ಕಂಡದ್ದು ಯಾವಾಗ ಎಂದು.

ಮುದ್ದಯ್ಯ ಕೋಲನ್ನು ಕೆಳಗಿಟ್ಟರು.

"ಒಂದೂವರೆ ವರ್ಸ ಏನೂ ಇರ್ಲಿಲ್ಲ. ಓದ್ಲು, ಸಮಾಧಾನ ಆಯ್ತು ಅಂದ್ಕಂಡೆ. ಅದ್ಕೇ ಚೈತನ್ಯ ಮಾರ್ತೀನಿ ಅಂದಾಗ ಊಂ ಅಂದೆ, ಇಲ್ದಿದ್ರೆ ಬುಡ್ತಿದ್ನಾ ತಂಗೀನ? ಇವತ್ತು ಬೆಳಿಗ್ಗೆ ನೀವು ಫೋನ್ ಮಾಡುದ್ರಲ್ಲ, ನಾಗಮಂಗ್ಲದಿಂದ ಒಂಟಿದ್ದೀನಿ, ಒಬ್ನೇ ಬತ್ತಾ ಇವ್ನಿ, ಮನೆಯವ್ಳಿಗೆ ಉಸಾರಿಲ್ಲ ಅಂತ… ಅದಾದ್ಮ್ಯಾಲೆ ಬಚ್ಚಲು ಒಂದ್ಸಲ ತೊಳ್ದು ಕೊಡವ ಅಂತ ಓದೆ."

ಅವರು ಬಲಗೈಯನ್ನು ಕೆಂಡದ ಬೆಳಕಿಗೆ ಹಿಡಿದರು. ತೋರುಬೆರಳಿನ ಉಗುರೊಳಗೆ ಕೆಂಪು ಮಣ್ಣು ಇತ್ತು.

"ಜಾಲ್ರಿ ಬಿಚ್ಚಿ ಗೂಡು ಮುಟ್ಟುದೆ, ಅಸಿ ಅದೆ ಇನ್ನೂ. ನಾನು ಒಡೀಲಿಲ್ಲ. ಗೀಸರ್ ಏನಾರ ತಂದಿದ್ರೆ ಅದ್ನ ಅಂಗ್ಡಿಗೆ ವಾಪಸ್ ಕೊಟ್ಬುಡಿ. ನಿಮ್ಮನೇವ್ರಿಗೆ ಏಳಿ, ಬಿಸ್ನೀರಿಗೆ ಯೋಚ್ನೆ ಮಾಡ್ಬೇಡ ಅಂತ… ಅವ್ಳು ತಂದಿಡ್ತಾಳೆ."